ಗಾಜಿನ ಕೋಣೆಯ ಎರಡು ಕೀಲಿಕೈ

ಗಾಜಿನ ಕೋಣೆಯೊಳಗಿನ ಮುಳ್ಳು ಮತ್ತೆ ಎಡಕ್ಕೆ ವಾಲಿತ್ತು.

ಅತ್ತಿಗೆ ಕೋಟನ್ನೂ ಬಿಚ್ಚದೆ ಗಾಜಿಗೆ ಮೂಗು ತಾಗಿಸಿ ನಿಂತಳು. ಒಳಗೆ ಅಂಗೈಯಗಲದ ಒಂದು ಮಾಪಕವಿತ್ತು. ಅದರ ಬಿಳಿ ಮುಖದ ನಡುವೆ ಒಂದು ಹಸಿರು ಪಟ್ಟಿ. ಮುಳ್ಳು ಅಲ್ಲಿದ್ದರೆ ಗಾಳಿಯಲ್ಲಿ ತೇವ ಹದವಾಗಿದೆ ಎಂದರ್ಥ. ಬಲಕ್ಕೆ ಹೋದರೆ ತೇವ ಜಾಸ್ತಿ, ಎಡಕ್ಕೆ ಬಂದರೆ ಒಣ. ನಿನ್ನೆ ಸಂಜೆ ಅವಳು ಮನೆಗೆ ಹೊರಡುವಾಗ ಮುಳ್ಳು ಹಸಿರಿನ ನಡುವೆ ಒಳ್ಳೆಯ ಮಗುವಿನ ಹಾಗೆ ಕೂತಿತ್ತು.

"ರಾತ್ರಿ ಯಾರಾದ್ರೂ ಒಳಗೆ ಹೋಗಿದ್ರಾ ಮಾವ?"

ಕುರ್ಚಿಮಾವ ತನ್ನ ಮೂಲೆಯ ಕುರ್ಚಿಯಲ್ಲಿ ಆಗಷ್ಟೇ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದ. ಈ ಕೊಠಡಿಯ ಕಾವಲು ಅವನದು. ಕುರ್ಚಿಮಾವನೂ ಪ್ರದರ್ಶನದ ವಸ್ತುವೇ, ಚೀಟಿಯೊಂದನ್ನು ಅಂಟಿಸಿಲ್ಲ ಅಷ್ಟೆ ಅನ್ನುವುದು ಮ್ಯೂಸಿಯಮ್ಮಿನ ಹಳೆಯ ಜೋಕು.

"ರಾತ್ರಿ ಬಾಗಿಲು ಹಾಕಿದ ಮೇಲೆ ಇಲಿನೂ ಬರಲ್ಲ ತಾಯಿ. ಬರೋದಾದ್ರೆ ನನ್ನನ್ನ ಕೇಳಿ ಬರಬೇಕು."

"ಬೆಳಿಗ್ಗೆ?"

"ಬೆಳಿಗ್ಗೆ ನಾನು ಟೀ ಕುಡಿಯೋಕೆ ಹೋಗಿದ್ದೆ." ಅಷ್ಟು ಹೇಳಿ ಅವನು ಎದುರಿನ ಗೋಡೆ ನೋಡಿದ. ಹೇಳದೆ ಉಳಿಸಿಕೊಂಡಿದ್ದು ಏನೋ ಇತ್ತು. ಅದು ಅವನ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಂಡ ಹಾಗೆ ಉಬ್ಬಿ ಕಾಣುತ್ತಿತ್ತು.

ಮುಳ್ಳಿಗೆ ತಾನಾಗಿ ಕಾಲು ಬರುವುದಿಲ್ಲ ಎಂದುಕೊಂಡಳು ಅತ್ತಿಗೆ. ಈ ಕೋಣೆಗೆ ಇರುವುದು ಒಂದೇ ಬಾಗಿಲು, ಆ ಬಾಗಿಲಿಗೆ ಎರಡು ಕೀಲಿಕೈ. ಒಂದು ತನ್ನ ಕೊರಳಲ್ಲಿ ನೇತಾಡುತ್ತಿದೆ. ಇನ್ನೊಂದು ನಾದಿನಿಯ ಹತ್ತಿರ.

ಪ್ರದರ್ಶನದ ಹೆಸರು 'ಒಂದೇ ಉಸಿರು'. ಏಷ್ಯಾದ ಹಳೆಯ ಕಲೆಯನ್ನೂ ಹೊಸ ಕಲೆಯನ್ನೂ ಬೇರೆ ಬೇರೆ ಮಹಡಿಯಲ್ಲಿ ಕೂಡಿಹಾಕದೆ ಪಕ್ಕಪಕ್ಕದಲ್ಲೇ ಇಡಬೇಕು ಅನ್ನುವುದು ದೊಡ್ಡವರ ಆಸೆ. ದೊಡ್ಡವರು ಅಂದರೆ ಮ್ಯೂಸಿಯಮ್ಮಿನ ಮುಖ್ಯಸ್ಥರು. ಆಳು ಗಿಡ್ಡ, ಹುದ್ದೆ ದೊಡ್ಡದು. ಹಾಗಾಗಿ ಕೈ ಮುರಿದ ಕಂಚಿನ ಬುದ್ಧನ ಎದುರಿಗೆ ಪ್ಲಾಸ್ಟಿಕ್ ಬಾಚಣಿಗೆಗಳಿಂದ ಹೆಣೆದ ಹುಲಿ ನಿಂತಿತ್ತು. ರೇಷ್ಮೆಯ ಮೇಲೆ ಮಸಿಯಲ್ಲಿ ಬರೆದ ಬೆಟ್ಟಗಳ ಪಕ್ಕದಲ್ಲಿ, ಟಿವಿ ಪರದೆಯ ಮೇಲೆ ಒಬ್ಬ ಹೆಂಗಸು ದಿನವಿಡೀ ಬೆಟ್ಟ ಹತ್ತುತ್ತಿದ್ದಳು, ತುದಿ ಮುಟ್ಟುತ್ತಲೇ ಇರಲಿಲ್ಲ. ಇವೆಲ್ಲ ದಾಟಿ ಬಂದರೆ ಕೊನೆಯ ಕೊಠಡಿ. ಅದರ ನಡುವೆ ಈ ಗಾಜಿನ ಕೋಣೆ.

ಕೋಣೆಯೊಳಗೆ ಒಂದು ಕಾಗದದ ದೋಣಿ. ಬಿದಿರಿನ ಸೀಳುಗಳ ಮೇಲೆ ಕೈಯಲ್ಲಿ ಮಾಡಿದ ಕಾಗದವನ್ನು ಎಳೆದು ಹಚ್ಚಿದ್ದು, ಮೂರು ಜನ ಒತ್ತಾಗಿ ಕೂರಬಹುದಾದಷ್ಟು ಉದ್ದ. ಗಾಳಿ ಒಣಗಿದ್ದರೆ ಕಾಗದ ತಮಟೆಯ ಚರ್ಮದ ಹಾಗೆ ಬಿಗಿದುಕೊಳ್ಳುತ್ತದೆ. ಆಗ ಹೊರಗಿನಿಂದ ಗಾಜಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ದೋಣಿ ಗುಂಯ್ ಎನ್ನುತ್ತದೆ. ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಮಕ್ಕಳಂತೂ ತಟ್ಟಿ ತಟ್ಟಿ ಗಾಜಿನ ತುಂಬ ಕೈಗುರುತು ಮಾಡಿಟ್ಟಿದ್ದರು. ಆದರೆ ತೇವ ಏರಿದರೆ ಮುಗಿಯಿತು, ಕಾಗದ ಜೋಲುತ್ತದೆ, ದೋಣಿ ಮೂಕ. ಈ ದೋಣಿಯನ್ನು ಕಟ್ಟಿದವಳು ನಾದಿನಿ, ಅಂದರೆ ಅತ್ತಿಗೆಯ ಗಂಡನ ತಂಗಿ. ಎಷ್ಟೋ ಸಣ್ಣಪುಟ್ಟ ಅಂಗಡಿ, ಹೋಟೆಲುಗಳ ಗೋಡೆಗೆ ಕಾಗದದ ಹೂವು, ಹಕ್ಕಿ ಮಾಡಿಕೊಟ್ಟು ಕೊನೆಗೆ ಮ್ಯೂಸಿಯಮ್ಮಿಗೆ ಕಾಲಿಟ್ಟ ಅವಳ ಮೊದಲ ದೊಡ್ಡ ಕೆಲಸ.

ದೋಣಿಯಲ್ಲಿ ಒಬ್ಬನೇ ಪ್ರಯಾಣಿಕ: ಒಂದು ಕಪ್ಪು ಪೆಟ್ಟಿಗೆ. ತಲೆಮಾರುಗಳ ಹಿಂದೆ ಪೂರ್ವದ ಯಾವುದೋ ದೇಶದಲ್ಲಿ ಮಾಡಿದ್ದು. ಮರದ ಮೇಲೆ ಒಂದು ಗಿಡದ ಹಾಲನ್ನು ಪದರದ ಮೇಲೆ ಪದರ ಬಳಿದು ತಂದ ಕಪ್ಪು ಮೆರುಗು, ಮುಚ್ಚಳದ ಮೇಲೆ ಮುತ್ತಿನ ಚಿಪ್ಪಿನ ಚೂರುಗಳಲ್ಲಿ ಕೂರಿಸಿದ ಒಂದು ಕೊಕ್ಕರೆ. ಬೆಳಕು ಓರೆಯಾಗಿ ಬಿದ್ದರೆ ರೆಕ್ಕೆ ಹಸಿರಾಗುತ್ತದೆ, ತಲೆ ಸ್ವಲ್ಪ ಆಚೆ ಮಾಡಿದರೆ ನಸುಗೆಂಪು. ಇದಕ್ಕೆ ತೇವ ಬೇಕು. ಗಾಳಿ ಒಣಗಿದರೆ ಒಳಗಿನ ಮರ ಕುಗ್ಗಿ, ಮೇಲಿನ ಮೆರುಗು ಏಳುತ್ತದೆ. ಪೆಟ್ಟಿಗೆಯ ಹೊಣೆ ಅತ್ತಿಗೆಯದು. ಮ್ಯೂಸಿಯಮ್ಮಿನಲ್ಲಿ ಹಳೆಯ ವಸ್ತುಗಳನ್ನು ರಿಪೇರಿ ಮಾಡುವವಳು ಅವಳೇ.

ಒಂದಕ್ಕೆ ಒಣ ಬೇಕು, ಇನ್ನೊಂದಕ್ಕೆ ಹಸಿ ಬೇಕು, ಎರಡನ್ನೂ ಒಂದೇ ಗಾಜಿನೊಳಗೆ ಇಡಬೇಡಿ ಎಂದು ಅತ್ತಿಗೆ ಮೊದಲೇ ಹೇಳಿದ್ದಳು. ದೊಡ್ಡವರು ನಕ್ಕು, "ನೀವಿಬ್ಬರು ಒಂದೇ ಮನೇಲಿ ಇಲ್ವಾ? ಇವೂ ಇರುತ್ತವೆ ಬಿಡಿ," ಅಂದಿದ್ದರು. ಹೀಗೆ ನಡುವಿನ ಹಸಿರು ಪಟ್ಟಿಯಲ್ಲಿ ರಾಜಿಯಾಯಿತು. ನೆಲದಡಿಯ ಡ್ರಾಯರುಗಳಲ್ಲಿ ತೇವವನ್ನು ಹದದಲ್ಲಿಡುವ ಹರಳುಗಳನ್ನು ತುಂಬಿಟ್ಟರು. ಯಾರೂ ಒಬ್ಬರೇ ಒಳಗೆ ಹೋಗಬಾರದು ಎಂದು ಮಾತಾಯಿತು.

ಆ ಪೆಟ್ಟಿಗೆಯನ್ನು ಕೊಟ್ಟಾಕೆ ಒಬ್ಬ ಮುದುಕಿ. ಮ್ಯೂಸಿಯಮ್ಮಿನವರ ಬಾಯಲ್ಲಿ ಪೆಟ್ಟಿಗೆಯಮ್ಮ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ವಾಸ. ಅತ್ತಿಗೆ ಮೊದಲ ಸಲ ಹೋದಾಗ ಆ ಪೆಟ್ಟಿಗೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿತ್ತು, ಒಳಗೆ ಕನ್ನಡಕ.

"ನಮ್ಮಮ್ಮ ಇದರಲ್ಲಿ ಗುಂಡಿ ಇಡ್ತಿದ್ಲು. ನಾನು ಕನ್ನಡಕ ಇಡ್ತೀನಿ. ನೀವು ಏನಿಡ್ತೀರಿ?" ಪೆಟ್ಟಿಗೆಯಮ್ಮ ಕೇಳಿದ್ದರು.

"ಏನೂ ಇಡಲ್ಲಮ್ಮ. ಜನ ನೋಡ್ತಾರೆ ಅಷ್ಟೆ."

"ಖಾಲಿ ಪೆಟ್ಟಿಗೆ ನೋಡೋಕೆ ಜನ ಬರ್ತಾರಾ? ಮನೇಲಿ ಕೆಲಸ ಇಲ್ವಾ ಅವರಿಗೆ?"

ಒಪ್ಪಿಸಲು ಅತ್ತಿಗೆ ಮತ್ತೆ ಮತ್ತೆ ಆ ಮೆಟ್ಟಿಲು ಹತ್ತಬೇಕಾಯಿತು. ದೊಡ್ಡವರು ಮುದ್ರೆಯೊತ್ತಿದ ಕಾಗದ ಕಳಿಸಿದರೆ ಪೆಟ್ಟಿಗೆಯಮ್ಮ ಅದನ್ನು ಓದದೆ ವಾಪಸು ಕೊಟ್ಟರು. "ಮ್ಯೂಸಿಯಮ್ಮಿಗೆ ಮುಖ ಇಲ್ಲ, ಅದರ ಮಾತು ನಂಗೆ ಬೇಡ. ನೀನು ಹೇಳು."

"ಹೋದ ಹಾಗೇ ವಾಪಸ್ ಬರುತ್ತೆ ಅಮ್ಮ. ನಾನು ಮಾತು ಕೊಡ್ತೀನಿ."

ಈಗ ಮುಳ್ಳು ಎಡಕ್ಕೆ ವಾಲಿತ್ತು, ಆ ಮಾತು ಅತ್ತಿಗೆಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು.

ಸಂಶಯ ಅನ್ನುವುದು ಒಂದು ಸಲ ಒಳಗೆ ಬಂದರೆ ಮನೆಯ ಎಲ್ಲ ಕೋಣೆಗಳಲ್ಲೂ ಓಡಾಡುತ್ತದೆ. ಅವತ್ತು ಸಂಜೆ ಊಟದ ಮೇಜಿನ ಹತ್ತಿರ ನಾದಿನಿಯ ಕೈಚೀಲ ಕುರ್ಚಿಯಿಂದ ಜಾರಿ ಬಿತ್ತು. ಒಳಗೆ ಜರ್ರ್ ಎಂದು ಕಾಳು ಸರಿದ ಸದ್ದು. ಅತ್ತಿಗೆಯ ಕಿವಿ ನೆಟ್ಟಗಾಯಿತು.

"ಏನೇ ಅದು?"

"ಮಣಿ ಅತ್ತಿಗೆ. ಹೊಸ ಕೆಲಸಕ್ಕೆ."

"ಕಾಗದದ ಕೆಲಸಕ್ಕೆ ಮಣಿ ಯಾವಾಗಿಂದ ಬಂತು?"

"ಕಲೆಗೆ ಏನು ಬೇಕಾದ್ರೂ ಬರುತ್ತೆ." ನಾದಿನಿ ಚೀಲವನ್ನು ಕಾಲಿನಿಂದ ತನ್ನ ಕಡೆಗೆ ಎಳೆದುಕೊಂಡಳು. "ಅದಿರಲಿ, ಬಚ್ಚಲಲ್ಲಿದ್ದ ಸೋಪಿನ ಡಬ್ಬಿ ಎಲ್ಲಿ? ನೀಲಿದು, ತೂತು ಇರೋದು. ಎರಡು ದಿನದಿಂದ ಸೋಪು ನೆಲದ ಮೇಲೆ ಬಿದ್ದಿದೆ, ಅಣ್ಣ ಜಾರಿ ಬೀಳ್ತಿದ್ದ."

ಅತ್ತಿಗೆ ಅನ್ನ ಕಲಸುತ್ತಾ, "ಹಳೇದಾಗಿತ್ತು, ಎಸೆದೆ," ಅಂದಳು.

ಎಸೆದಿರಲಿಲ್ಲ. ಆ ಸೋಪಿನ ಡಬ್ಬಿ, ಒಳಗೊಂದು ಒದ್ದೆ ಸ್ಪಂಜು ಸಮೇತ, ಗಾಜಿನ ಕೋಣೆಯಲ್ಲಿ ದೋಣಿಯ ಹಿಂಭಾಗಕ್ಕೆ ಕೊಟ್ಟ ಆನಿಕೆಯ ಮರೆಯಲ್ಲಿ ಕೂತಿತ್ತು. ಅವತ್ತು ಮುಳ್ಳು ನೋಡಿದ ಮೇಲೆ, ಕುರ್ಚಿಮಾವ ಊಟಕ್ಕೆ ಹೋದಾಗ, ಅತ್ತಿಗೆ ಒಬ್ಬಳೇ ಹೋಗಿ ಅದನ್ನು ಮತ್ತೆ ನೆನೆಸಿ ಇಟ್ಟು ಬಂದಿದ್ದಳು. ಇದು ಮೋಸ ಅಲ್ಲ, ಔಷಧಿ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅವಳು ಒಣಗಿಸಿದರೆ ನಾನು ಒದ್ದೆ ಮಾಡದೆ ಇರಲಾಗುತ್ತದೆಯೇ?

ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಒಮ್ಮೆ ಹೆಂಡತಿಯ ಕಡೆ ನೋಡಿದ, ಒಮ್ಮೆ ತಂಗಿಯ ಕಡೆ. "ನಾಳೆ ಇಬ್ಬರೂ ಅಂಗಡಿಗೆ ಬನ್ನಿ. ಕಣ್ಣು ಪರೀಕ್ಷೆ ಮಾಡ್ತೀನಿ."

"ನನ್ನ ಕಣ್ಣಿಗೇನಾಗಿದೆ?" ಇಬ್ಬರೂ ಒಟ್ಟಿಗೇ ಕೇಳಿದರು.

"ಒಬ್ಬರನ್ನೊಬ್ಬರು ನೇರ ನೋಡಿ ಎಷ್ಟು ದಿನ ಆಯ್ತು? ಬರೀ ಓರೆಗಣ್ಣು."

ಇಬ್ಬರೂ ನಗಲಿಲ್ಲ. ಗಂಡ ತನ್ನ ತಟ್ಟೆಯ ಕಡೆ ತಿರುಗಿ ತನ್ನ ಪಾಡಿಗೆ ತಾನು ಊಟ ಮಾಡಿದ. ಎರಡು ಹೆಂಗಸರ ನಡುವೆ ಬದುಕಿ ಅವನಿಗೆ ಅಷ್ಟು ವಿದ್ಯೆ ಬಂದಿತ್ತು.

ಮುಂದಿನ ದಿನಗಳಲ್ಲಿ ಮುಳ್ಳು ಹುಚ್ಚು ಹಿಡಿದ ಹಾಗೆ ಆಡಿತು. ಬೆಳಿಗ್ಗೆ ಎಡಕ್ಕೆ, ಮಧ್ಯಾಹ್ನ ಬಲಕ್ಕೆ, ಸಂಜೆ ಮತ್ತೆ ಎಡಕ್ಕೆ. ಬಂದ ಮಕ್ಕಳು ಗಾಜು ತಟ್ಟಿದರೆ ದೋಣಿ ಒಂದು ಹೊತ್ತು ಗುಂಯ್ ಎನ್ನುತ್ತಿತ್ತು, ಇನ್ನೊಂದು ಹೊತ್ತು ಕಫ ಕಟ್ಟಿದವರ ಹಾಗೆ ಬೊಸ್ ಎನ್ನುತ್ತಿತ್ತು. ಅತ್ತಿಗೆ ನಾದಿನಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ನಾದಿನಿ ಕಾರಿಡಾರಿನಲ್ಲಿ ಎದುರಾದರೆ ಅವಳ ಚೀಲದ ಸದ್ದಿಗೆ ಕಿವಿಗೊಟ್ಟಳು. ನಾದಿನಿಯಾದರೋ ಅತ್ತಿಗೆಯ ಅಂಗೈ ಒದ್ದೆ ಇದೆಯೇ ಎಂದು ನೋಡುತ್ತಿದ್ದಳು. "ಏನ್ ಅತ್ತಿಗೆ, ಪದೇ ಪದೇ ಕೈ ತೊಳೀತೀರಾ ಇತ್ತೀಚೆಗೆ?" "ಹಳೇ ವಸ್ತು ಮುಟ್ಟೋರು ಕೈ ತೊಳೀಬೇಕು ತಾಯಿ. ಹೊಸದು ಮಾಡೋರಿಗೆ ಆ ಕಷ್ಟ ಇಲ್ಲ."

ಅವರು ಸಿಕ್ಕಿಬಿದ್ದಿದ್ದು ಒಂದು ಮಧ್ಯಾಹ್ನ. ಕುರ್ಚಿಮಾವನ ಕುರ್ಚಿ ಖಾಲಿ ಇದ್ದುದನ್ನು ನೋಡಿ ಅತ್ತಿಗೆ ನೆನೆಸಿದ ಸ್ಪಂಜನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಾಗಿಲು ತೆರೆದಳು. ದೋಣಿಯ ಆ ಬದಿಯಿಂದ ಎರಡು ಅಂಗಾಲು ಕಾಣುತ್ತಿದ್ದವು. ನಾದಿನಿ ನೆಲದ ಮೇಲೆ ಬೋರಲಾಗಿ ಮಲಗಿ, ದೋಣಿಯ ಹೊಟ್ಟೆಯ ಕೆಳಗೆ ಕೈ ತೂರಿಸಿದ್ದಳು. ಅವಳ ಪಕ್ಕದಲ್ಲಿ ಬಿಳಿ ಕಾಗದದ ಪುಟ್ಟ ಪುಟ್ಟ ಚೀಲಗಳ ರಾಶಿ. ಹೊಸ ಚಪ್ಪಲಿ, ಶೂ ಕೊಂಡಾಗ ಡಬ್ಬಿಯಲ್ಲಿ ಬರುತ್ತವಲ್ಲ, ತೇವ ಹೀರುವವು, ಅವೇ.

"ಮಣಿ!" ಅತ್ತಿಗೆ ಕೂಗಿದಳು. "ಇದಾ ನಿನ್ನ ಮಣಿ?"

ನಾದಿನಿ ಏಳುವ ಭರದಲ್ಲಿ ತಲೆಯನ್ನು ಬಿದಿರಿಗೆ ಬಡಿಸಿಕೊಂಡಳು. ದೋಣಿ ಗುಂಯ್ ಎಂದಿತು. "ಅಯ್ಯೋ ಅತ್ತಿಗೆ! ನಿಮ್ಮ ಕೈಯಲ್ಲಿರೋದೇನು?"

"ಕರವಸ್ತ್ರ."

"ಕರವಸ್ತ್ರದಿಂದ ನೀರು ತೊಟ್ಟಿಕ್ತಿದೆ!"

"ಊರಲ್ಲಿರೋ ಶೂ ಅಂಗಡಿನೆಲ್ಲ ಗುಡಿಸ್ಕೊಂಡು ಬಂದು ನನ್ನ ಪೆಟ್ಟಿಗೆ ಒಣಗಿಸ್ತಿದ್ದೀಯಲ್ಲೇ, ಹೊಟ್ಟೆಗೇನು ತಿಂತೀಯ ನೀನು?"

"ಮೊದಲು ಶುರು ಮಾಡಿದ್ದು ನೀವು! ಉದ್ಘಾಟನೆ ಆದ ಮಾರನೇ ದಿನಾನೇ ನನ್ನ ದೋಣಿ ಜೋತುಬಿದ್ದಿತ್ತು. ಮುಳ್ಳು ಬಲಕ್ಕೆ ಹೋಗಿತ್ತು. ಈ ಕೋಣೆಗೆ ನೀರು ತರೋರು ನಿಮ್ಮನ್ನ ಬಿಟ್ರೆ ಯಾರಿದ್ದಾರೆ?"

"ಉದ್ಘಾಟನೆ ದಿನ ನಾನು ಈ ಕಡೆ ತಲೆನೂ ಹಾಕಿಲ್ಲ!"

"ಹಾಗಾದ್ರೆ ಸೋಪಿನ ಡಬ್ಬಿ ತಾನಾಗಿ ನಡ್ಕೊಂಡು ಬಂತಾ?"

"ಅದು ನೀನು ಒಣಗಿಸಿದ ಮೇಲೆ!"

ಗಾಜು ದಪ್ಪ, ಮಾತು ಹೊರಗೆ ಕೇಳುತ್ತಿರಲಿಲ್ಲ. ಆದರೆ ಕಾಣುವುದಕ್ಕೆ ಅಡ್ಡಿಯಿರಲಿಲ್ಲ. ಇಬ್ಬರು ಹೆಂಗಸರು, ಒಬ್ಬಳ ಕೈಯಲ್ಲಿ ಒದ್ದೆ ಸ್ಪಂಜು, ಇನ್ನೊಬ್ಬಳ ಕೈಯಲ್ಲಿ ಬಿಳಿ ಚೀಲಗಳು, ನಡುವೆ ಕಾಗದದ ದೋಣಿ. ಜನ ಒಬ್ಬೊಬ್ಬರಾಗಿ ಬಂದು ನಿಂತರು. ಇದೂ ಹೊಸ ಕಲೆಯೇ ಇರಬೇಕು ಎಂದು ಭಾವಿಸಿದರು. ಒಂದಿಬ್ಬರು ಗೋಡೆಯ ಮೇಲೆ ವಿವರಣೆಯ ಚೀಟಿ ಹುಡುಕಿದರು. ಅತ್ತಿಗೆ ಸ್ಪಂಜನ್ನು ಎತ್ತಿ ಕೈ ಬೀಸಿದಾಗ ಒಬ್ಬ ದೊಡ್ಡ ಕನ್ನಡಕದ ಮಹಾಶಯ ಮೆಚ್ಚಿ ತಲೆದೂಗಿದ. ಆಮೇಲೆ ಎಲ್ಲರೂ ಸೇರಿ ಅಂಗೈಯಿಂದ ಗಾಜು ತಟ್ಟತೊಡಗಿದರು.

ದೋಣಿ ಹಿಂದೆಂದೂ ಇಲ್ಲದ ಹಾಗೆ ಮೊಳಗಿತು. ಇಬ್ಬರೂ ಬಾಯಿ ಮುಚ್ಚಿಕೊಂಡು ತಿರುಗಿದರು. ಆಗ ಅತ್ತಿಗೆಯ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಕೊಕ್ಕರೆಯ ಒಂದು ರೆಕ್ಕೆ ಮೆರುಗಿನ ಸಮೇತ ಮೇಲಕ್ಕೆ ಎದ್ದು ನಿಂತಿತ್ತು, ಹಕ್ಕಿ ಈಗಲೋ ಆಗಲೋ ಹಾರಿಬಿಡುವ ಹಾಗೆ. ದೋಣಿಯ ಮೊಳಗಿಗೆ ಆ ರೆಕ್ಕೆ ನಡುಗುತ್ತಿತ್ತು.

ಕುರ್ಚಿಮಾವ ಓಡೋಡಿ ಬಂದು ಬಾಗಿಲು ತೆರೆದ. "ಇಬ್ಬರೂ ಆಚೆ ಬನ್ನಿ ತಾಯಂದ್ರೇ, ಜನ ಸಾಲು ನಿಲ್ತಿದ್ದಾರೆ!"

"ಮಾವ, ಉದ್ಘಾಟನೆ ದಿನ ಇಲ್ಲಿಗೆ ಯಾರು ಬಂದಿದ್ರು? ಈಗಲಾದ್ರೂ ಹೇಳಿ," ಅಂದಳು ಅತ್ತಿಗೆ.

ಕುರ್ಚಿಮಾವನ ಕೆನ್ನೆಯ ಉಬ್ಬು ಕಡೆಗೂ ಇಳಿಯಿತು. "ದೊಡ್ಡವರು ಬಂದಿದ್ರು. ಅತಿಥಿಗಳನ್ನೆಲ್ಲ ಒಳಗೆ ತುಂಬಿಸ್ಕೊಂಡು, ಬಾಗಿಲು ಹಾಕ್ಕೊಂಡು ಚಪ್ಪಾಳೆ ತಟ್ಟಿಸಿದ್ರು. ದೋಣಿ ಹಾಡೋದು ಕೇಳಬೇಕಂತೆ. ಗಾಜೆಲ್ಲ ಉಸಿರಿಗೆ ಮಂಜಾಗಿಹೋಗಿತ್ತು. ಯಾರಿಗೂ ಹೇಳಬೇಡ ಅಂದಿದ್ರು."

"ಕೀಲಿಕೈ?"

ನಾದಿನಿ ನೆಲ ನೋಡಿದಳು. "ನಂದೇ. ಕೇಳಿದ್ರು, ಕೊಟ್ಟೆ. ಬರೀ ಬಾಗಿಲಲ್ಲಿ ನಿಂತು ತೋರಿಸ್ತೀನಿ ಅಂದಿದ್ರು."

ಹಾಗಿದ್ದರೂ ಇಬ್ಬರಲ್ಲಿ ಒಬ್ಬರೂ ಕ್ಷಮೆ ಕೇಳಲಿಲ್ಲ. ಸಂಶಯ ಹೋದ ಜಾಗದಲ್ಲಿ ನಾಚಿಕೆ ಬಂದು ಕೂತಿತ್ತು.

ಅತ್ತಿಗೆ ಕೈಗವಸು ಹಾಕಿಕೊಂಡು, ಪೆಟ್ಟಿಗೆಯನ್ನು ಎಳೆಮಗುವಿನ ಹಾಗೆ ತನ್ನ ಕೆಲಸದ ಕೋಣೆಗೆ ಎತ್ತಿಕೊಂಡು ಹೋದಳು. ನಾದಿನಿ ಹಿಂದೆಯೇ ಬಂದು ಬಾಗಿಲು ಹಾಕಿದಳು.

"ಅತ್ತಿಗೆ, ಯಾರಿಗೂ ಹೇಳಬೇಡಿ. ನನ್ನ ದೋಣಿ ತೆಗೆಸಿಬಿಡ್ತಾರೆ. ನಿಮ್ಮ ಕೈಯಲ್ಲಿ ಆಗುತ್ತಲ್ಲ, ಕೂರಿಸಿಬಿಡಿ."

"ಪೆಟ್ಟಿಗೆಯಮ್ಮನಿಗೆ ಮಾತು ಕೊಟ್ಟಿದ್ದೀನಿ ಕಣೇ."

"ಹೋದ ಹಾಗೇ ವಾಪಸ್ ಕೊಡ್ತೀನಿ ಅಂತ ತಾನೆ? ಹೋದ ಹಾಗೇ ಮಾಡಿ, ಕೊಡಿ."

ಅತ್ತಿಗೆ ಬಹಳ ಹೊತ್ತು ದೀಪದ ಕೆಳಗೆ ರೆಕ್ಕೆಯನ್ನು ನೋಡುತ್ತಾ ಕೂತಳು. ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಆ ಮೆಟ್ಟಿಲು ಇನ್ನು ಹತ್ತುವ ಹಾಗಿಲ್ಲ ಅನ್ನಿಸಿತು. ಕೊನೆಗೆ ಅವಳ ಕೈಯೇ ತೀರ್ಮಾನ ಮಾಡಿತು. ಒಡೆದಿದ್ದು ಕಣ್ಣೆದುರಿಗೆ ಇದ್ದರೆ ಆ ಕೈ ಸುಮ್ಮನಿರದು. ಬೆಚ್ಚಗೆ ಹಬೆ ಕೊಟ್ಟು ಮೆರುಗನ್ನು ಮೆದು ಮಾಡಿದಳು, ಕೂದಲಿನಂಥ ಕುಂಚದಲ್ಲಿ ಅಂಟು ಹರಿಸಿದಳು, ಮೇಲೆ ಮರಳಿನ ಪುಟ್ಟ ಚೀಲ ಹೇರಿದಳು. ಮಾರನೆಯ ದಿನ ಚೀಲ ತೆಗೆದಾಗ ರೆಕ್ಕೆ ಎಷ್ಟು ನುಣ್ಣಗೆ ಕೂತಿತ್ತೆಂದರೆ, ಎದ್ದಿತ್ತು ಎಂದು ಹೇಳಿದರೆ ಅವಳೇ ನಂಬುತ್ತಿರಲಿಲ್ಲ.

"ನೀವು ಮಾಟಗಾತಿ ಅತ್ತಿಗೆ," ಅಂದಳು ನಾದಿನಿ.

ಪೆಟ್ಟಿಗೆ ದೋಣಿಗೆ ಮರಳಿತು. ಸ್ಪಂಜೂ ಹೋಯಿತು, ಬಿಳಿ ಚೀಲಗಳೂ ಹೋದವು. ಮುಳ್ಳು ಹಸಿರಿಗೆ ಬಂದು ತೆಪ್ಪಗೆ ಕೂತಿತು.

ಆ ವಾರದಲ್ಲೇ ಪೆಟ್ಟಿಗೆಯಮ್ಮ ಬಂದರು.

ಯಾವಾಗ ಬೇಕಾದರೂ ಬಂದು ತನ್ನ ವಸ್ತುವನ್ನು ಮುಟ್ಟಿ ನೋಡುತ್ತೇನೆ ಅನ್ನುವುದು ಅವರ ಷರತ್ತಾಗಿತ್ತು. ಅತ್ತಿಗೆ ಬಾಗಿಲು ತೆರೆದಳು. ನಾದಿನಿ, ಕುರ್ಚಿಮಾವ ಹೊಸ್ತಿಲಲ್ಲಿ ನಿಂತರು. ಸುದ್ದಿ ತಿಳಿದು ದೊಡ್ಡವರೂ ನಗುಮುಖ ತೊಟ್ಟು ಬಂದರು. ಅತ್ತಿಗೆ ಕೈಗವಸು ಚಾಚಿದಾಗ ಪೆಟ್ಟಿಗೆಯಮ್ಮ ಅದನ್ನು ಸತ್ತ ಇಲಿಯನ್ನು ನೋಡುವ ಹಾಗೆ ನೋಡಿದರು.

"ನನ್ನ ಮಗುವನ್ನ ನಾನು ಕೈಗೆ ಚೀಲ ಹಾಕ್ಕೊಂಡು ಎತ್ಕೊಳ್ಳಲಾ?"

ಬರಿಗೈಯನ್ನು ಮುಚ್ಚಳದ ಮೇಲೆ ಇಟ್ಟರು. ಹೆಬ್ಬೆರಳನ್ನು ಕೊಕ್ಕರೆಯ ಬೆನ್ನ ಮೇಲೆ ಹಾಯಿಸಿದರು. ರೆಕ್ಕೆಯ ತುದಿಗೆ ಬಂದು ನಿಲ್ಲಿಸಿದರು. ಮತ್ತೊಮ್ಮೆ ಹಾಯಿಸಿದರು. ಅವರ ಮುಖದ ಮೇಲಿದ್ದ ನಗು ಯಾರೋ ಒರೆಸಿದ ಹಾಗೆ ಹೋಯಿತು.

"ಇದು ನಂದಲ್ಲ."

"ಅಮ್ಮಾ?" ಅಂದರು ದೊಡ್ಡವರು.

"ನನ್ನ ಪೆಟ್ಟಿಗೆ ಅಲ್ಲ ಇದು. ನನ್ನದು ಎಲ್ಲಿ?"

"ನಿಮ್ಮದೇ ಅಮ್ಮ. ಬಂದ ದಿನ ತೆಗೆದ ಫೋಟೋಗಳಿವೆ, ಎಲ್ಲ ಕೋನದಿಂದ. ತರಿಸ್ತೀನಿ, ಹೋಲಿಸಿ ನೋಡಿ."

"ನಿಮ್ಮ ಫೋಟೋಗೆ ಬೆರಳಿದೆಯಾ?" ಪೆಟ್ಟಿಗೆಯಮ್ಮ ತಿರುಗಿದರು. "ದಿನಾ ಬೆಳಿಗ್ಗೆ ಕಣ್ಣು ಬಿಡೋಕೆ ಮುಂಚೆ ಕನ್ನಡಕಕ್ಕೆ ಕೈ ಹಾಕ್ತೀನಿ. ರೆಕ್ಕೆ ತುದಿ ನನ್ನ ಹೆಬ್ಬೆರಳಿಗೆ ಸಿಗುತ್ತೆ, ಸಣ್ಣಗೆ ತರಚುತ್ತೆ, ಬೆಕ್ಕಿನ ನಾಲಿಗೆ ಥರ. ಚಿಕ್ಕವಳಿದ್ದಾಗಿಂದ ಹಾಗೇ. ಇದರಲ್ಲಿ ಅದೆಲ್ಲಿದೆ? ಇದು ತಟ್ಟೆ ಥರ ನುಣ್ಣಗಿದೆ. ಯಾರಿಗೆ ಮಾರಿದ್ರಿ ನಂದನ್ನ?"

ಪೆಟ್ಟಿಗೆ ಬಂದಂದಿನಿಂದ ಅತ್ತಿಗೆ ಅದನ್ನು ದಿನವೂ ಮುಟ್ಟಿದ್ದಳು, ಆದರೆ ಒಂದು ದಿನವೂ ಬರಿಗೈಯಿಂದ ಮುಟ್ಟಿರಲಿಲ್ಲ. ಕೈಗವಸಿನ ಬೆರಳಿಗೆ ಆ ತರಚು ಗೊತ್ತಾಗಿರಲಿಲ್ಲ. ಹೊಸ ಗಾಯದ ಜೊತೆಗೆ ಹಳೆಯ ಗುರುತನ್ನೂ ಅವಳು ಒತ್ತಿ ಮಲಗಿಸಿಬಿಟ್ಟಿದ್ದಳು.

ದೊಡ್ಡವರ ನಗುಮುಖವೂ ಅಷ್ಟರಲ್ಲಿ ಮಾಯವಾಗಿತ್ತು. ಅವರು ಅತ್ತಿಗೆಯ ಕಡೆ ನಿಧಾನವಾಗಿ ತಿರುಗಿದರು. "ಪೆಟ್ಟಿಗೆ ಒಂದು ದಿನ ನಿಮ್ಮ ಕೋಣೇಲಿತ್ತಂತೆ ಅಲ್ವಾ? ನನಗೆ ಯಾಕೆ ತಿಳಿಸಲಿಲ್ಲ?"

ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇತ್ತು. ಎಲ್ಲರಿಗೂ ಕೇಳಿಸಿತು. ಅತ್ತಿಗೆ ನಾದಿನಿಯನ್ನು ನೋಡಲಿಲ್ಲ. ನೋಡಿದರೆ ನೆರವು ಕೇಳಿಕೊಂಡ ಹಾಗಾಗುತ್ತಿತ್ತು.

"ನಿಮ್ಮದೇ ಅಮ್ಮ ಅದು," ಅಂದಳು. "ರೆಕ್ಕೆ ಎದ್ದಿತ್ತು. ನಮ್ಮ ತಪ್ಪಿಂದ. ನಿಮಗೆ ಗೊತ್ತಾಗದ ಹಾಗೆ ಅಂಟಿಸಿದೆ."

"ಕದ್ದೋರು ಇದಕ್ಕಿಂತ ಚೆನ್ನಾಗಿ ಕತೆ ಕಟ್ತಾರೆ."

"ಕತೆ ಅಲ್ಲ."

"ನೀನು ಮಾತು ಕೊಟ್ಟಿದ್ದೆ ನಂಗೆ. ಆ ಬಾಯಿಂದಲೇ ಈ ಮಾತೂ ಬರ್ತಿದೆ. ಯಾವುದನ್ನ ನಂಬಲಿ?"

ಅಷ್ಟರಲ್ಲಿ ಜರ್ರ್ ಎಂಬ ಸದ್ದಾಯಿತು. ನಾದಿನಿ ತನ್ನ ಕೈಚೀಲವನ್ನು ತಲೆಕೆಳಗು ಮಾಡಿದ್ದಳು. ಬಿಳಿ ಚೀಲಗಳು ಗಾಜಿನ ಕೋಣೆಯ ನೆಲದ ತುಂಬ ಹರಡಿದವು.

"ಅತ್ತಿಗೆ ಒಬ್ಬರೇ ಅಲ್ಲಮ್ಮ. ನನ್ನ ದೋಣಿ ಹಾಡಲಿ ಅಂತ ನಾನು ಒಣಗಿಸಿದೆ, ಅವರು ಒದ್ದೆ ಮಾಡಿದ್ರು. ಇಬ್ಬರೂ ಕದ್ದುಮುಚ್ಚಿ. ಒಬ್ಬರನ್ನೊಬ್ಬರು ಕಾಯೋದ್ರಲ್ಲಿ ಪೆಟ್ಟಿಗೆ ಕಾಯೋರೇ ಇರಲಿಲ್ಲ. ಹೇಳಬೇಡ ಅಂದವಳು ನಾನೇ. ದೋಣಿ ತೆಗೆಸೋದಾದ್ರೆ ತೆಗೆಸಿ." ಕೊನೆಯ ಮಾತು ದೊಡ್ಡವರಿಗೆ. "ಚಪ್ಪಾಳೆ ತಟ್ಟಿಸಿದ್ದು ಯಾರು ಅಂತ ಆಮೇಲೆ ನಾವಿಬ್ಬರೂ ಮಾತಾಡೋಣ."

ದೊಡ್ಡವರು ಕೆಮ್ಮಿದರು. ಕುರ್ಚಿಮಾವ ಛಾವಣಿ ನೋಡಿದ.

ಪೆಟ್ಟಿಗೆಯಮ್ಮನ ಮುಖ ಮಾತ್ರ ಸಡಿಲವಾಗಲಿಲ್ಲ. "ಇಬ್ಬರೂ ಒಂದೇ ಮನೆಯವರಂತೆ. ಒಂದೇ ಪಾಠ ಒಪ್ಪಿಸ್ತೀರಿ."

ಆಗ ಅತ್ತಿಗೆಗೆ ದಾರಿ ಹೊಳೆಯಿತು. ಅವಳ ಕಸುಬಿನಲ್ಲಿ ಒಂದು ಶಿಸ್ತಿದೆ: ಅಂಟಿಸುವುದನ್ನೆಲ್ಲ ಮುಂದೆ ಯಾರಾದರೂ ಬಿಚ್ಚಲು ಆಗುವ ಹಾಗೆಯೇ ಅಂಟಿಸಬೇಕು. "ಅಮ್ಮ, ನಾನು ಮಾಡಿದ್ದನ್ನ ನಿಮ್ಮ ಕಣ್ಣೆದುರಿಗೇ ಬಿಚ್ತೀನಿ. ರೆಕ್ಕೆಯ ಕೆಳಗಿನ ಪದರ ಎಷ್ಟೋ ವರ್ಷದಿಂದ ಬಗ್ಗಿ ಕೂತಿದ್ರೆ, ಬಿಟ್ಟ ಕೂಡಲೇ ಅದರ ಜಾಗಕ್ಕೆ ಅದೇ ಹೋಗುತ್ತೆ. ಹೋಗದಿದ್ರೆ ಪೊಲೀಸರನ್ನ ನಾನೇ ಕರೀತೀನಿ."

ಅಲ್ಲೇ, ದೋಣಿಯ ಪಕ್ಕದಲ್ಲಿ ಒಂದು ಮೇಜು ಹಾಕಿಸಿದರು. ಅತ್ತಿಗೆ ಕೈಗವಸು ತೆಗೆದಿಟ್ಟಳು. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಹಿಂಡಿ, ರೆಕ್ಕೆಯ ಅಂಚಿಗೆ ಒತ್ತಿ ಹಿಡಿದಳು. ಪೆಟ್ಟಿಗೆಯಮ್ಮ ಉಸಿರು ತಾಗುವಷ್ಟು ಹತ್ತಿರ ಬಗ್ಗಿ ಅವಳ ಬೆರಳುಗಳನ್ನೇ ಕಾಯುತ್ತಿದ್ದರು, ಎಲ್ಲಿ ಕೈಚಳಕ ಮಾಡುತ್ತಾಳೋ ಎಂದು. ನಾದಿನಿ ನೀರಿನ ಬಟ್ಟಲು ಹಿಡಿದು ನಿಂತಳು.

ಅಂಟು ಬಿಟ್ಟಿತು. ರೆಕ್ಕೆಯ ತುದಿ ಕಂಡೂ ಕಾಣದ ಹಾಗೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಹಾಗೆ ಮೇಲೆದ್ದು ನಿಂತಿತು. ಅಷ್ಟೇ ಎದ್ದಿತು, ಇನ್ನು ಏಳಲಿಲ್ಲ.

ಅತ್ತಿಗೆ ಹಿಂದೆ ಸರಿದಳು. ಪೆಟ್ಟಿಗೆಯಮ್ಮ ಕಣ್ಣು ಮುಚ್ಚಿಕೊಂಡರು, ಬೆಳಿಗ್ಗೆ ಕನ್ನಡಕ ಹುಡುಕುವವರ ಹಾಗೆ ಕೈ ಚಾಚಿದರು. ಹೆಬ್ಬೆರಳು ಕೊಕ್ಕರೆಯ ಬೆನ್ನ ಮೇಲೆ ಹಾಯಿತು, ತುದಿಗೆ ಬಂತು, ತಡೆಯಿತು.

"ಹ್ಞೂ," ಅಂದರು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. "ಬಂದ್ಯಾ."

ಅತ್ತಿಗೆಯ ಕಣ್ಣು ತುಂಬಿತು. "ಅಮ್ಮ, ಇವತ್ತೇ ಮನೆಗೆ ಕಳಿಸಿಕೊಡ್ತೀನಿ."

"ಯಾಕೆ? ಜನ ನೋಡ್ತಾರೆ ಅಂದೆಯಲ್ಲ. ಬರೋವಾಗ ಬಾಗಿಲವರೆಗೂ ಸಾಲಿತ್ತು. ನೋಡಲಿ." ಪೆಟ್ಟಿಗೆಯಮ್ಮ ಕಣ್ಣು ತೆರೆದರು. ಆ ಕಣ್ಣಲ್ಲಿ ಕ್ಷಮೆಯೇನೂ ಇರಲಿಲ್ಲ. ಅಂಗೈ ಮುಂದೆ ಚಾಚಿದರು. "ಕೀಲಿಕೈ ಕೊಡಿ. ಎರಡೂ."

ಅತ್ತಿಗೆ ಕೊರಳಿಂದ ಬಿಚ್ಚಿ ಕೊಟ್ಟಳು. ನಾದಿನಿ ಜೇಬಿನಿಂದ ತೆಗೆದು ಕೊಟ್ಟಳು. ದೊಡ್ಡವರು ನಿಯಮ, ಪದ್ಧತಿ ಎಂದು ಏನೋ ಶುರು ಮಾಡಿದರು. ಪೆಟ್ಟಿಗೆಯಮ್ಮ ಒಮ್ಮೆ ನೋಡಿದ ಮೇಲೆ ನಿಲ್ಲಿಸಿದರು.

ಮಾರನೆಯ ದಿನದಿಂದ ಆ ಕೊಠಡಿಯಲ್ಲಿ ಎರಡು ಕುರ್ಚಿ. ಒಂದು ಕುರ್ಚಿಮಾವನದು, ಇನ್ನೊಂದು ದಿಂಬು ಹಾಕಿದ್ದು, ಗಾಜಿಗೆ ಹತ್ತಿರ. ಮ್ಯೂಸಿಯಮ್ಮಿನ ಬಾಗಿಲು ತೆರೆದ ಕೂಡಲೇ ಪೆಟ್ಟಿಗೆಯಮ್ಮ ಬಂದು ಕೂರುತ್ತಾರೆ, ಕೀಲಿಕೈಗಳ ಗೊಂಚಲು ಮಡಿಲಲ್ಲಿ. ಮೊದಲು ತಾನೇ ಒಳಗೆ ಹೋಗಿ ಹೆಬ್ಬೆರಳು ಹಾಯಿಸಿ ಬರುತ್ತಾರೆ. ಆಮೇಲೆ ಬಂದವರನ್ನೆಲ್ಲ ಕನ್ನಡಕದ ಮೇಲಿಂದ ತೂಗಿ ನೋಡುತ್ತಾರೆ. ಮಕ್ಕಳಿಗೆ ಗಾಜು ತಟ್ಟಲು ಬಿಡುತ್ತಾರೆ, "ಮೆಲ್ಲಗೆ" ಎನ್ನುತ್ತಾರೆ. ದೋಣಿ ಮೊದಲಿನಷ್ಟು ಜೋರಾಗಿ ಮೊಳಗುವುದಿಲ್ಲ, ಜೋಲುವುದೂ ಇಲ್ಲ, ಸಣ್ಣಗೆ ಗುನುಗುತ್ತದೆ. ದೊಡ್ಡವರಂತೂ ಆ ಕೊಠಡಿಗೆ ಅತಿಥಿಗಳನ್ನು ಕರೆತರುವುದನ್ನೇ ಬಿಟ್ಟಿದ್ದಾರೆ.

ಅತ್ತಿಗೆ, ನಾದಿನಿ ಮುಳ್ಳು ನೋಡಬೇಕೆಂದರೆ ಇಬ್ಬರೂ ಒಟ್ಟಿಗೇ ಬರಬೇಕು. ಒಬ್ಬಳೇ ಬಂದರೆ ಪೆಟ್ಟಿಗೆಯಮ್ಮ ಕೇಳುವ ಮೊದಲ ಪ್ರಶ್ನೆ, "ಇನ್ನೊಬ್ಬಳೆಲ್ಲಿ?" ಒಟ್ಟಿಗೆ ಬಂದರೆ ಇಬ್ಬರ ಅಂಗೈಯನ್ನೂ ಹಿಡಿದು ಮುಟ್ಟಿ ನೋಡುತ್ತಾರೆ, ಒದ್ದೆಯೋ ಒಣವೋ ಎಂದು. ನಾದಿನಿಯ ಚೀಲವನ್ನು ಒಮ್ಮೆ ಅಲುಗಾಡಿಸುತ್ತಾರೆ.

ಒಂದು ದಿನ ಒಳಗೆ ನಿಂತು ನಾದಿನಿ ಅತ್ತಿಗೆಯ ಕಿವಿಯಲ್ಲಿ, "ಸೋಪಿನ ಡಬ್ಬಿ ಹೊಸದು ತಂದ್ರಾ? ಅಣ್ಣ ಇವತ್ತೂ ಜಾರಿದ," ಅಂದಳು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ.

ಹೊರಗಿನಿಂದ ಕೀಲಿಕೈಯ ಗೊಂಚಲು ಗಾಜಿಗೆ ಟಕಟಕ ಬಡಿಯಿತು. ಪೆಟ್ಟಿಗೆಯಮ್ಮ ಕುರ್ಚಿಯಿಂದ ಅರ್ಧ ಎದ್ದು, ಬಾಗಿಲ ಸಂದಿಗೆ ಮುಖ ತಂದು ಕೇಳಿದರು:

"ಏನದು ಒಳಗೆ ಪಿಸುಪಿಸು?"